ಅಮ್ಮನ ಕೈನೋವಿಗೆ ಕ್ರೋಶಾ ಕಡ್ಡಿಯೇ ಕಾರಣವೇ?

*ಹೃದಯದ ಮಾತು: ಊರು ಬಿಟ್ಟು ಬಂದ ಕನ್ನಡಿಗರಿಗಾಗಿ*



ಈ ವಾರ ಕೊಲೆಸ್ಟ್ರಾಲ್ ಇಲ್ಲ, ಉಪ್ಪಿನ ಲೆಕ್ಕವೂ ಇಲ್ಲ. ಪಾತ್ರೆ ತಿಕ್ಕುವ ಬಟ್ಟೆಯ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಹೃದಯದ ಡಾಕ್ಟರಿಗೂ ಅಡುಗೆಮನೆಯ ಸಿಂಕಿಗೂ ಏನು ಸಂಬಂಧ ಎನ್ನುವವರು ದಯವಿಟ್ಟು ಕೊನೆಯವರೆಗೆ ಓದಿ. ಮನೆಯಲ್ಲಿ ಅಮ್ಮ, ಅತ್ತೆ, ಅಜ್ಜಿ ಇದ್ದರೆ ಅವರಿಗೆ ಗಟ್ಟಿಯಾಗಿ ಓದಿ ಹೇಳಿ.

ಪುಣೆಯಲ್ಲಿರುವ ನನ್ನ ಕನ್ಸಲ್ಟಿಂಗ್ ರೂಮಿನ ಮೇಜಿನ ಮೇಲೆ ಅಂಗೈ ಎರಡರಷ್ಟು ಅಗಲದ ಒಂದು ಬಟ್ಟೆ ಇದೆ. ದಪ್ಪ ಹತ್ತಿ ದಾರದಲ್ಲಿ ಕ್ರೋಶಾ ಹಾಕಿದ್ದು. ಮುಟ್ಟಿದರೆ ಒರಟು, ಮೈತುಂಬ ಸಣ್ಣ ಸಣ್ಣ ಗುಬುಟು. ಗದಗ ಕಡೆಯ ಒಬ್ಬ ತಾಯಿ ಕೊಟ್ಟದ್ದು. ಅದು ಪಾತ್ರೆ ತಿಕ್ಕಲೆಂದೇ ಮಾಡಿದ ಬಟ್ಟೆ. ನಾನು ತಿಕ್ಕದೆ ಹಾಗೇ ಇಟ್ಟುಕೊಂಡಿದ್ದೇನೆ. ಏಕೆಂದು ಮುಂದೆ ಹೇಳುತ್ತೇನೆ. ಮೊದಲು ಬಟ್ಟೆಯ ವಿಷಯ.

*ಸ್ಪಂಜು ಒಳ್ಳೆಯದೋ, ಬಟ್ಟೆ ಒಳ್ಳೆಯದೋ?*

ನಮ್ಮ ಅಜ್ಜಿಯರ ಕಾಲದಲ್ಲಿ ತೆಂಗಿನ ನಾರು, ಒಲೆಯ ಬೂದಿ, ಹಿತ್ತಾಳೆಗೆ ಹುಣಸೆಹಣ್ಣು. ಬಳ್ಳಿಯಲ್ಲೇ ಬಲಿತು ಒಣಗಿದ ಹೀರೇಕಾಯಿಯ ಜಾಲರಿಯೂ ಇತ್ತು. ಕೊರಿಯಾದಲ್ಲಿ ಪಾತ್ರೆ ತಿಕ್ಕುವ ನಾರಿಗೆ 'ಸುಸೆಮಿ' ಎನ್ನುತ್ತಾರೆ. ಅದು ಮೂಲದಲ್ಲಿ ನಮ್ಮ ತುಪ್ಪದ ಹೀರೆಯ ಜಾತಿಯ ಬಳ್ಳಿಯ ಹೆಸರು. ಈಗ ಅಲ್ಲಿನ ಹೆಂಗಸರು ಅದೇ ಹೆಸರಿನಲ್ಲಿ ಬಣ್ಣಬಣ್ಣದ ಕ್ರೋಶಾ ಸ್ಕ್ರಬ್ಬರ್ ಹಾಕುತ್ತಾರೆ. ಅಂದರೆ ಇದೇನೂ ಹೊಸ ಹುಚ್ಚಲ್ಲ.

ಪಟ್ಟಣಕ್ಕೆ ಬಂದ ಮೇಲೆ ನಮಗೆಲ್ಲ ಹಳದಿ-ಹಸಿರು ಸ್ಪಂಜು ಬಂತು. ಅದರ ತೊಂದರೆ ಏನೆಂದರೆ, ಅದು ಎಂದೂ ಪೂರ್ತಿ ಒಣಗುವುದಿಲ್ಲ. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಳಸಿದ 14 ಅಡುಗೆಮನೆ ಸ್ಪಂಜುಗಳನ್ನು ಪರೀಕ್ಷಿಸಿದರು. ಕೆಲವು ಜಾಗಗಳಲ್ಲಿ ಒಂದು ಘನ ಸೆಂಟಿಮೀಟರಿಗೆ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇದ್ದವು! ಅವೆಲ್ಲ ರೋಗ ತರುವಂಥವಲ್ಲ, ಗಾಬರಿ ಬೇಡ. ಆದರೆ ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು, ಎಳೆ ಮಕ್ಕಳು ಇರುವ ಮನೆಯಲ್ಲಿ ಎರಡು ತಿಂಗಳ ಹಳೆಯ ಸ್ಪಂಜು ಇಟ್ಟುಕೊಳ್ಳುವುದು ಒಳ್ಳೆಯದಲ್ಲ.

ಹತ್ತಿಯ ಕ್ರೋಶಾ ಬಟ್ಟೆಯಲ್ಲೂ ಸೂಕ್ಷ್ಮಾಣು ಕೂರುತ್ತವೆ, ಅದರಲ್ಲಿ ಅನುಮಾನ ಬೇಡ. ಆದರೆ ಅದನ್ನು *ಕುದಿಸಬಹುದು, ಬಿಸಿಲಿಗೆ ಹರಡಿ ಒಣಗಿಸಬಹುದು*. ಲಾಭ ಇರುವುದು ಇಲ್ಲೇ. ಜೊತೆಗೆ ಸ್ಟೀಲ್ ನಾರಿನಂತೆ ತಂತಿ ಚೂರು ಬಿಡುವುದಿಲ್ಲ, ನಾನ್‌ಸ್ಟಿಕ್ ತವಾ ಗೀಚುವುದಿಲ್ಲ.

*ಮಾಡುವುದು ಹೇಗೆ?*

ನಮ್ಮ ಹೆಂಗಸರಲ್ಲಿ ಬಹಳ ಮಂದಿಗೆ ಕ್ರೋಶಾ ಕಡ್ಡಿ ಹೊಸದಲ್ಲ. ಸೀರೆಗೆ ಕುಚ್ಚು ಹಾಕಿದ ಕೈ ಅದು. ಆದರೆ ಕುಚ್ಚಿನ ಸಪೂರ ಕಡ್ಡಿ ಇಲ್ಲಿ ಆಗದು. 4 ಅಥವಾ 5 ಮಿ.ಮೀ. ದಪ್ಪದ ಕಡ್ಡಿ ಬೇಕು. ದಾರ ದಪ್ಪ ಹತ್ತಿಯದಿರಲಿ, ಸುಮಾರು ಪೆನ್ಸಿಲಿನ ಸೀಸದಷ್ಟು ದಪ್ಪ. ಉಲನ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಅಕ್ರಿಲಿಕ್ ದಾರ ಬೇಡ. ಬಿಸಿ ತವಾಕ್ಕೆ ತಾಗಿದರೆ ಕರಗುತ್ತದೆ, ಕುದಿಸಲೂ ಬಾರದು. ಪುಣೆಯವರಿಗೆ ತುಳಶಿಬಾಗ, ಮುಂಬೈಯವರಿಗೆ ಭುಲೇಶ್ವರ, ಹೈದರಾಬಾದಿನವರಿಗೆ ಬೇಗಂ ಬಜಾರ್, ಚೆನ್ನೈಯವರಿಗೆ ಸೌಕಾರ್‌ಪೇಟೆ, ದೆಹಲಿಯವರಿಗೆ ಸದರ್ ಬಜಾರ್ ಇದ್ದೇ ಇದೆ. ದೆಹಲಿಯಲ್ಲಿ 'ಕ್ರೋಶಿಯಾ' ಎಂದು ಕೇಳಿ.

ಒಂದು ಬಟ್ಟೆಗೆ 40 ಗ್ರಾಂ ಆಸುಪಾಸು ದಾರ ಹಿಡಿಯುತ್ತದೆ. ಈ ಕ್ರಮವನ್ನು ನನಗೆ ಆ ತಾಯಿಯೇ ಬರೆಸಿದ್ದು:

1. 31 ಸರಪಳಿ, ಅಂದರೆ ಚೈನ್, ಹಾಕಿ.

2. ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಒಂದು ಸಿಂಗಲ್ ಹಾಕಿ. ಅದರ ಪಕ್ಕದ ಸರಪಳಿಯಲ್ಲಿ ಒಂದು ಕಂಬ. ಕಂಬ ಎಂದರೆ ಕಡ್ಡಿಗೆ ಮೊದಲೇ ದಾರ ಒಂದು ಸುತ್ತು ಸುತ್ತಿಕೊಂಡು ಹಾಕುವ ಉದ್ದನೆಯ ಹೆಣಿಗೆ. ಹೀಗೆ ಸಿಂಗಲ್, ಕಂಬ, ಸಿಂಗಲ್, ಕಂಬ ಎಂದು ಸಾಲು ಮುಗಿಸಿ. ಎಣಿಸಿದರೆ 30 ಇರಬೇಕು.

3. ಬಟ್ಟೆ ತಿರುಗಿಸಿ, ಒಂದು ಸರಪಳಿ ಹಾಕಿ. ಅದು ಲೆಕ್ಕಕ್ಕಿಲ್ಲ. ಈಗ ಕೆಳಗಿನ ಸಾಲಿನ ಕಂಬದ ಮೇಲೆ ಸಿಂಗಲ್, ಸಿಂಗಲ್ ಮೇಲೆ ಕಂಬ. ಗಿಡ್ಡದರ ಮೇಲೆ ಉದ್ದ, ಉದ್ದದರ ಮೇಲೆ ಗಿಡ್ಡ. ಹೀಗೆ ಅದಲು ಬದಲಾಗುವುದರಿಂದಲೇ ಗುಬುಟು ಏಳುತ್ತದೆ, ತಿಕ್ಕಲು ಒರಟು ಬರುತ್ತದೆ.

4. ಪ್ರತಿ ಸಾಲೂ ಸಿಂಗಲ್‌ನಿಂದ ಶುರುವಾಗಿ ಕಂಬದಲ್ಲಿ ಮುಗಿಯಬೇಕು. ಹಾಗಾಗದಿದ್ದರೆ ಎಲ್ಲೋ ಒಂದು ತಪ್ಪಿದೆ, ಆ ಸಾಲು ಬಿಚ್ಚಿ.

5. ಅಗಲದಷ್ಟೇ ಉದ್ದ ಬಂದ ಮೇಲೆ ಸುತ್ತಲೂ ಸಿಂಗಲ್ ಅಂಚು ಕಟ್ಟಿ. ಒಂದು ಮೂಲೆಯಲ್ಲಿ 12 ಸರಪಳಿಯ ಕುಣಿಕೆ ಬಿಡಿ, ಮೊಳೆಗೆ ತೂಗು ಹಾಕಲು.

ಕಬ್ಬಿಣದ ಬಾಣಲೆಗೆ, ಸೀದ ಪಾತ್ರೆಗೆ ಇನ್ನೂ ಒರಟು ಬೇಕೆಂದರೆ ಸಪೂರ ಸೆಣಬಿನ ದಾರದಲ್ಲಿ ಚಿಕ್ಕದೊಂದು ಹಾಕಿಕೊಳ್ಳಿ. ಆದರೆ ಸೆಣಬು ಬೇಗ ಕೊಳೆಯುತ್ತದೆ. ವಾಸನೆ ಬಂದ ದಿನವೇ ಎಸೆದುಬಿಡಿ.

ಮನೆಗೆ ನಾಲ್ಕು ಬಟ್ಟೆ ಇರಲಿ. ದಿನಕ್ಕೊಂದು ಬದಲಿಸಿ. ರಾತ್ರಿ ಸಾಬೂನಿನಲ್ಲಿ ತೊಳೆದು, ಹಿಂಡಿ, ಹರಡಿ ಒಣಗಿಸಿ. ಮುದ್ದೆ ಮಾಡಿ ಸಿಂಕಿನ ಮೂಲೆಯಲ್ಲಿ ಇಟ್ಟರೆ ಅದೂ ಸ್ಪಂಜೇ ಆಯಿತು. ವಾರಕ್ಕೆರಡು ಸಲ ಹತ್ತು ನಿಮಿಷ ಕುದಿಸಿ. ಮೀನು, ಮಾಂಸ ಮಾಡುವ ಮನೆಯಲ್ಲಿ ಆ ಪಾತ್ರೆಗಳಿಗೆ ಬೇರೆ ಬಣ್ಣದ್ದೇ ಒಂದು ಇರಲಿ. ಮುಂಬೈ ಮಳೆಯಲ್ಲಿ ಒಣಗುವುದಿಲ್ಲವೆಂದು ಗ್ಯಾಸ್ ಒಲೆಯ ಪಕ್ಕ ಮಾತ್ರ ತೂಗು ಹಾಕಬೇಡಿ. ಫ್ಯಾನಿನ ಕೆಳಗೆ ಹಾಕಿ.

*ಇದರಿಂದ ಹೃದಯಕ್ಕೆ ಏನು ಲಾಭ?*

ನೇರವಾಗಿ ಹೇಳಿಬಿಡುತ್ತೇನೆ. 'ಕ್ರೋಶಾ ಹಾಕಿದರೆ ಬ್ಲಾಕ್ ಕರಗುತ್ತದೆ, ಬಿಪಿ ಮಾತ್ರೆ ಬಿಡಬಹುದು' ಎಂದು ಯಾರಾದರೂ ಫಾರ್ವರ್ಡ್ ಕಳುಹಿಸಿದರೆ ಅಳಿಸಿಬಿಡಿ. ಕಡ್ಡಿ ಮಾತ್ರೆಯ ಬದಲಿಯಲ್ಲ, ನಡಿಗೆಯ ಬದಲಿಯೂ ಅಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಲ್ಲಿ ಒಂದು ನಿಮಿಷವೂ ಇದರಿಂದ ಕಡಿಮೆಯಾಗುವುದಿಲ್ಲ.

ಹಾಗಾದರೆ ನಾನೇಕೆ ಇದನ್ನು ಹಾಕಿ ಎನ್ನುತ್ತೇನೆ?

ನಿಮ್ಮ ಅಮ್ಮನನ್ನು ಒಮ್ಮೆ ನೋಡಿ. ಊರಲ್ಲಿ ಅಂಗಳ ಇತ್ತು, ತುಳಸಿಕಟ್ಟೆ ಇತ್ತು, ಮಾತಾಡಿಸುವವರು ಹತ್ತು ಜನ ಇದ್ದರು. ಮೊಮ್ಮಗುವನ್ನು ನೋಡಿಕೊಳ್ಳಲೆಂದೋ, ಅಪ್ಪ ಹೋದ ಮೇಲೆ ಒಬ್ಬರೇ ಹೇಗಿರುವುದೆಂದೋ ನೀವು ಕರೆದುಕೊಂಡು ಬಂದಿರಿ. ಈಗ ಹನ್ನೊಂದನೆಯ ಮಹಡಿ. ಭಾಷೆ ಬಾರದು. ಲಿಫ್ಟಿನಲ್ಲಿ ಸಿಕ್ಕವರಿಗೆ ಒಂದು ನಗು, ಅಷ್ಟೇ. ಬೆಳಿಗ್ಗೆ ಒಂಬತ್ತಕ್ಕೆ ನೀವೆಲ್ಲ ಹೊರಟರೆ ಸಂಜೆ ಏಳರವರೆಗೆ ಟಿವಿ, ಸೋಫಾ, ಪಕ್ಕದಲ್ಲಿ ಚೂಡಾ ಡಬ್ಬಿ. ಒಂಟಿತನ ಹೃದಯಕ್ಕೂ ಒಳ್ಳೆಯದಲ್ಲ ಎಂಬುದು ಈಗ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ.

ಕೈಯಲ್ಲಿ ಕಡ್ಡಿ ಇದ್ದಾಗ ಕೈ ಚೂಡಾ ಡಬ್ಬಿಗೆ ಹೋಗುವುದಿಲ್ಲ. ಮನಸ್ಸು ಎಣಿಕೆಯಲ್ಲಿ ಇರುತ್ತದೆ. ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದವರು ಬೇರೆ ಬೇರೆ ದೇಶಗಳ 8,000ಕ್ಕೂ ಹೆಚ್ಚು ಕ್ರೋಶಾ ಹಾಕುವವರನ್ನು ಕೇಳಿದಾಗ ಹತ್ತರಲ್ಲಿ ಒಂಬತ್ತು ಮಂದಿ 'ಮನಸ್ಸು ಶಾಂತವಾಗುತ್ತದೆ' ಎಂದರು. ಹಾಕುವವರನ್ನೇ ಕೇಳಿದ್ದು, ಆದ್ದರಿಂದ ಇದನ್ನು ದೊಡ್ಡ ಪುರಾವೆ ಎನ್ನಲಾರೆ. ಆದರೂ ನಾನು ನೋಡಿದ್ದು ಇನ್ನೊಂದಿದೆ. ಕ್ರೋಶಾಕ್ಕೆ ಭಾಷೆ ಬೇಕಿಲ್ಲ. ಸೊಸೈಟಿಯ ಕೆಳಗಿನ ಬೆಂಚಿನಲ್ಲಿ ಕಡ್ಡಿ ಹಿಡಿದು ಕುಳಿತರೆ ಮರಾಠಿ ಅಜ್ಜಿ, ತಮಿಳು ಮಾಮಿ ಇಬ್ಬರೂ ಪಕ್ಕ ಬಂದು ಕೂರುತ್ತಾರೆ. ಆ ನೆಪದಲ್ಲಿ ಅಮ್ಮ ದಿನಕ್ಕೊಮ್ಮೆ ಕೆಳಗಿಳಿಯುತ್ತಾರೆ, ನಾಲ್ಕು ಹೆಜ್ಜೆ ನಡೆಯುತ್ತಾರೆ. ನನಗೆ ಬೇಕಾದದ್ದು ಅದು.

*ಹಾಕುವಾಗ ಇಷ್ಟು ನೆನಪಿರಲಿ*

✅ ಅರ್ಧ ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಿ. 'ಈ ಸಾಲು ಮುಗಿಸಿ ಏಳುತ್ತೇನೆ' ಎಂದರೆ ಎರಡು ಗಂಟೆ ಕಳೆದಿರುತ್ತದೆ. ಮೊಬೈಲಿನಲ್ಲಿ ಅಲಾರಂ ಇಡಿ.

✅ ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಲಿ. ಮೊಣಕೈ ಕೆಳಗೆ ದಿಂಬು ಇಟ್ಟುಕೊಳ್ಳಿ.

✅ ಕಡ್ಡಿಯನ್ನು ಬಿಗಿಯಾಗಿ ಹಿಡಿಯಬೇಡಿ. ಹಿಡಿ ಸಪೂರವೆನಿಸಿದರೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ.

✅ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾದರೆ ಅದು ಮಣಿಕಟ್ಟಿನ ನರ ಒತ್ತಿದ್ದರಿಂದ ಇರಬಹುದು. ಕೆಲವು ದಿನ ಕಡ್ಡಿ ಬದಿಗಿಡಿ. ಡಾಕ್ಟರಿಗೆ ತೋರಿಸಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಅವೆರಡರ ತೊಂದರೆ ಇರುವವರಿಗೆ ಈ ಜೋಮು ಹೆಚ್ಚು.

ಇನ್ನು ಆ ಮೇಜಿನ ಮೇಲಿನ ಬಟ್ಟೆಗೆ ಬರುತ್ತೇನೆ.

*ಗದಗದ ತಾಯಿ*

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 61. ಸಕ್ಕರೆ ಕಾಯಿಲೆ ಎಂಟು ವರ್ಷದಿಂದ. ಮಗ, ಸೊಸೆ ಇಬ್ಬರೂ ಐಟಿ ಕೆಲಸ. ಈ ತಾಯಿ ಒಂದು ವರ್ಷದಲ್ಲಿ ಸೊಸೈಟಿಯ ಅರ್ಧ ಮನೆಗಳಿಗೆ ಪಾತ್ರೆ ಬಟ್ಟೆ ಹಾಕಿಕೊಟ್ಟಿದ್ದರು. ಪಾತ್ರೆ ತೊಳೆಯುವ ಮೌಶಿಯೂ ತನ್ನ ಮನೆಗೆಂದು ನಾಲ್ಕು ಒಯ್ದಿದ್ದಳು.

ಮೂರು ವಾರದಿಂದ ಎಡಗೈ ನೋವು. ಮಗ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರಿಗೆ ಕನ್ನಡ ಬಾರದು, ತಾಯಿಗೆ ಮರಾಠಿ ಬಾರದು. ತಾಯಿ ಹೇಳಿದ್ದು: "ಕೈ ಹರೀತೈತ್ರಿ, ಎದಿ ಮ್ಯಾಲ ಏನೋ ಹೇರಿಟ್ಟಂಗ ಆಕ್ಕೈತಿ." ಮಗ ಅನುವಾದಿಸಿದ್ದು: "ಕೈ ನೋವು. ದಿನವಿಡೀ ಕ್ರೋಶಾ ಹಾಕ್ತಾರೆ." ಎದೆಯ ಮಾತು ಆ ಎರಡು ಕುರ್ಚಿಗಳ ನಡುವೆ ಬಿದ್ದುಹೋಯಿತು. ಮುಲಾಮು ಕೊಟ್ಟರು, ನೋವಿನ ಮಾತ್ರೆ ಕೊಟ್ಟರು. ಮಗನದು ಕೆಟ್ಟ ಮನಸ್ಸಲ್ಲ. ಕಣ್ಣಿಗೆ ಕಾಣುವ ಕಾರಣ ಕೈಯಲ್ಲೇ ಇತ್ತು.

ಗಮನಿಸಿದ್ದು ಸೊಸೆ. ಒಂದು ಭಾನುವಾರ ಲಿಫ್ಟ್ ಕೆಟ್ಟಿತ್ತು. ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಅತ್ತೆ ಎಡಗೈ ಒತ್ತಿಕೊಂಡು ನಿಂತರು, ಹಣೆಯಲ್ಲಿ ಬೆವರು. ಐದು ನಿಮಿಷ ಕುಳಿತ ಮೇಲೆ ನೋವು ಹೋಯಿತು. ಮನೆಗೆ ಬಂದು ಮತ್ತೆ ಕಡ್ಡಿ ಹಿಡಿದರು, ಒಂದು ಗಂಟೆ ಹಾಕಿದರು, ನೋವಿಲ್ಲ.

ಮರುದಿನ ಆಕೆ ನನ್ನ ಮುಂದೆ ಕುಳಿತು ಹೇಳಿದ ಮಾತನ್ನು ನಾನು ವಿದ್ಯಾರ್ಥಿಗಳಿಗೆ ಈಗಲೂ ಹೇಳುತ್ತೇನೆ: "ಡಾಕ್ಟ್ರೇ, ನಮ್ಮತ್ತಿ ಕಡ್ಡಿ ಹಿಡಿಯೋದು ಬಲಗೈಯಾಗ. ನೋವು ಬರೋದು ಎಡಗೈಯಾಗ. ಕ್ರೋಶಾ ಹಾಕುವಾಗ ಬರೂದಿಲ್ಲ, ಪಾವಣಿಗಿ ಹತ್ತುವಾಗ ಬರ್ತೈತಿ."

ಇಸಿಜಿ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕುಳಿತಿರುವಾಗ ತೆಗೆದ ಇಸಿಜಿ ಇಂಥವರಲ್ಲಿ ಸರಿಯಾಗಿ ಬರುವುದುಂಟು. ಆದರೆ ಸೊಸೆಯ ಮಾತು ಕೇಳಿದ ಮೇಲೆ ಮನೆಗೆ ಕಳುಹಿಸಲು ಮನಸ್ಸಾಗಲಿಲ್ಲ. ಆಂಜಿಯೋಗ್ರಾಮ್ ಮಾಡಿದೆವು. ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳದಲ್ಲಿ ಶೇಕಡಾ 90 ಬ್ಲಾಕ್. ಸ್ಟೆಂಟ್ ಹಾಕಿದೆವು. ಎರಡು ತಿಂಗಳ ನಂತರ ನಡೆದುಕೊಂಡೇ ಬಂದು ಈ ಬಟ್ಟೆ ಕೊಟ್ಟು ಹೋದರು.

*ನನ್ನ ಅತ್ತೆ*

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನು ಎಂ.ಡಿ. ಓದುತ್ತಿದ್ದೆ. ಧಾರವಾಡದಲ್ಲಿದ್ದ ನನ್ನ ಸೋದರತ್ತೆ ಫೋನ್ ಮಾಡಿದರು. ಅವರೂ ಕ್ರೋಶಾದಲ್ಲಿ ನಿಸ್ಸೀಮರು. ಟಿವಿಗೆ, ಟ್ರಂಕಿಗೆ, ನೀರಿನ ಬಿಂದಿಗೆಗೂ ಹೊದಿಕೆ ಹಾಕಿದವರು. "ತಮ್ಮಾ, ಭುಜದಿಂದ ಕೈತನಕ ಭಾಳ ಹರೀತೈತಿ, ಸುಸ್ತೂ ಆಗೇತಿ" ಎಂದರು. ನಾನು ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದೆ, ನಿದ್ದೆಗಣ್ಣು. "ಎಷ್ಟಂತ ಹೆಣೀತಿ ಅತ್ತಿ, ನಾಲ್ಕು ದಿನ ಆ ಕಡ್ಡಿ ಬಿಡು" ಎಂದು ನಗುತ್ತ ಹೇಳಿದೆ. ಯಾವಾಗ ನೋವು ಬರುತ್ತದೆ ಎಂದು ಕೇಳಲಿಲ್ಲ. ಬೆವರುತ್ತದೆಯೇ ಎಂದೂ ಕೇಳಲಿಲ್ಲ. ಡಾಕ್ಟರ್ ಆಗುತ್ತಿರುವ ಅಳಿಯ ಹೇಳಿದ ಮೇಲೆ ಮುಗಿಯಿತಲ್ಲ, ಅವರು ಬೇರೆ ಯಾರಿಗೂ ತೋರಿಸಲಿಲ್ಲ.

ಐದನೆಯ ದಿನ ಬೆಳಗಿನ ಜಾವ ಹೋಗಿಬಿಟ್ಟರು. ಹೃದಯಾಘಾತ. ನಾನು ಹೇಳಿದಂತೆ ಆ ಐದು ದಿನ ಕಡ್ಡಿ ಮುಟ್ಟಿರಲಿಲ್ಲ ಎಂದು ಮನೆಯವರು ಹೇಳಿದರು.

ಇಸಿಜಿ ಮಾಡಿಸಿದ್ದರೆ ಉಳಿಯುತ್ತಿದ್ದರೇ? ಖಚಿತವಾಗಿ ಹೇಳಲಾರೆ. ಆದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅದಕ್ಕೇ ಇಂದು ನಿಮಗೆ ಹೇಳುತ್ತಿದ್ದೇನೆ.

*ಹೃದಯದ ನೋವು ಕೈಗೇಕೆ ಬರುತ್ತದೆ?*

ಹೃದಯದಿಂದ ಬರುವ ನರಗಳೂ ಕೈ, ಭುಜದಿಂದ ಬರುವ ನರಗಳೂ ಬೆನ್ನುಹುರಿಯನ್ನು ಸೇರುವ ಜಾಗ ಹೆಚ್ಚುಕಡಿಮೆ ಒಂದೇ. ಹೃದಯ ಕೂಗಿದರೆ ಮೆದುಳಿಗೆ 'ಕೈ ಕೂಗಿತು' ಎನಿಸುತ್ತದೆ. ಕೈ ಮಾತ್ರವಲ್ಲ, ದವಡೆ, ಕುತ್ತಿಗೆ, ಬೆನ್ನು, ಹೊಟ್ಟೆಯ ಮೇಲ್ಭಾಗದಲ್ಲೂ ಬರಬಹುದು. ಹೆಂಗಸರಲ್ಲೂ ಎದೆಯ ಭಾರವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆ ಏದುಸಿರು, ವಾಕರಿಕೆ, ಹೇಳಲಾಗದ ಸುಸ್ತು ಅವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಕಡಿಮೆ ಇರಬಹುದು.

*ಕೈಕೆಲಸದ ನೋವು ಸಾಮಾನ್ಯವಾಗಿ ಹೀಗಿರುತ್ತದೆ:*
👉 'ಇಲ್ಲೇ' ಎಂದು ಒಂದು ಬೆರಳಿಟ್ಟು ತೋರಿಸಬಹುದು.
👉 ಒತ್ತಿದರೆ, ಮಣಿಕಟ್ಟು ತಿರುಗಿಸಿದರೆ ಹೆಚ್ಚುತ್ತದೆ.
👉 ಕಡ್ಡಿ ಹಿಡಿದಾಗ ಬರುತ್ತದೆ, ಬಿಟ್ಟರೆ ದಿನಗಳಲ್ಲಿ ಕಡಿಮೆಯಾಗುತ್ತದೆ.

*ಹೃದಯದ ನೋವು ಸಾಮಾನ್ಯವಾಗಿ ಹೀಗಿರುತ್ತದೆ:*
👉 ಬೆರಳಿಟ್ಟು ತೋರಿಸಲು ಬರುವುದಿಲ್ಲ, ಇಡೀ ಅಂಗೈಯಿಂದ ತೋರಿಸುತ್ತಾರೆ.
👉 ನೋವು ಎನ್ನುವುದಿಲ್ಲ. ಭಾರ, ಬಿಗಿತ, ಉರಿ, ಹಿಂಡಿದಂತೆ ಎನ್ನುತ್ತಾರೆ.
👉 ಮೆಟ್ಟಿಲು ಹತ್ತುವಾಗ, ಊಟವಾದ ಮೇಲೆ ನಡೆಯುವಾಗ, ನೀರಿನ ಕ್ಯಾನ್ ಎತ್ತುವಾಗ ಬರುತ್ತದೆ. ಕುಳಿತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ.
👉 ಜೊತೆಗೆ ಬೆವರು, ಏದುಸಿರು, ವಾಕರಿಕೆ ಇರಬಹುದು.

ಈ ಪಟ್ಟಿ ನೋಡಿ ನೀವೇ ತೀರ್ಮಾನ ಮಾಡಲಿ ಎಂದು ಕೊಟ್ಟದ್ದಲ್ಲ. ಎರಡನೆಯ ಪಟ್ಟಿಯ ಒಂದು ಮಾತು ಹೊಂದಿದರೂ ಅದೇ ದಿನ ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿ. ಒಂದು ಇಸಿಜಿ ಸರಿ ಬಂದಿತೆಂದು ಸುಮ್ಮನಾಗಬೇಡಿ. ಬೇಕಿದ್ದರೆ ಡಾಕ್ಟರು ಇನ್ನೊಮ್ಮೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೊಪೊನಿನ್ ನೋಡುತ್ತಾರೆ. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿಸಬೇಡಿ. ಅವುಗಳಲ್ಲಿ ಹಲವು ಬಿಪಿ ಏರಿಸುತ್ತವೆ, ಹೃದಯಕ್ಕೂ ಕಿಡ್ನಿಗೂ ಭಾರ.

*ಕುಳಿತಿರುವಾಗಲೇ ಎದೆ, ಕೈ, ದವಡೆಯ ಭಾರ ಬಂದು ಹತ್ತು ನಿಮಿಷದಲ್ಲಿ ಹೋಗದಿದ್ದರೆ, ಅಥವಾ ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇದ್ದರೆ, ಕಾಯಬೇಡಿ.* ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿ 108, ದೆಹಲಿಯಲ್ಲಿ 102, ದೇಶದಲ್ಲಿ ಎಲ್ಲಿದ್ದರೂ 112. ಅವರನ್ನು ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ. ಆಸ್ಪಿರಿನ್ ಕೊಡುವುದಿದ್ದರೆ ಫೋನಿನಲ್ಲಿ ಡಾಕ್ಟರ್ ಹೇಳಿದ ಮೇಲೆ ಮಾತ್ರ. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಅದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ಮಗ ಆಫೀಸಿನಿಂದ ಬರಲಿ, ಬೆಳಗಾಗಲಿ ಎಂದು ಕಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ.

*ಅನುವಾದ ಮಾಡುವ ಮಕ್ಕಳಿಗೆ*

ಪರಭಾಷೆಯ ಊರಿನಲ್ಲಿ ಡಾಕ್ಟರಿಗೂ ಅಮ್ಮನಿಗೂ ನಡುವೆ ನೀವೇ ಸೇತುವೆ. ಮೂರು ಮಾತು ನೆನಪಿಡಿ.

1. ಅಮ್ಮನೇ ಮೊದಲು ಪೂರ್ತಿ ಹೇಳಲಿ. ನಡುವೆ ಬಾಯಿ ಹಾಕಬೇಡಿ.

2. ಆಕೆ ಹೇಳಿದ್ದನ್ನೆಲ್ಲ ಹೇಳಿ. 'ಭಾರ', 'ಬಿಗಿತ', 'ಸುಸ್ತು', 'ಹರಿಯೋದು' ಎಲ್ಲವನ್ನೂ 'ನೋವು' ಎಂಬ ಒಂದೇ ಮಾತಿಗೆ ಇಳಿಸಬೇಡಿ.

3. ಕಾರಣವನ್ನು ನೀವು ಸೇರಿಸಬೇಡಿ. 'ಕ್ರೋಶಾ ಹಾಕ್ತಾರೆ, ಅದಕ್ಕೆ' ಎನ್ನುವುದು ನಿಮ್ಮ ಊಹೆ. ಕಾರಣ ಹುಡುಕುವುದು ಡಾಕ್ಟರ ಕೆಲಸ.

*ಸ್ಟೆಂಟ್, ಬೈಪಾಸ್ ಆದವರು ಕ್ರೋಶಾ ಹಾಕಬಹುದೇ?*

ಹಾಕಬಹುದು. ಮಣಿಕಟ್ಟಿನ ಮೂಲಕ ಸ್ಟೆಂಟ್ ಹಾಕಿದ್ದರೆ ಗಾಯ ಒಣಗುವವರೆಗೆ, ಸುಮಾರು ಒಂದು ವಾರ, ಆ ಕೈಗೆ ವಿಶ್ರಾಂತಿ ಕೊಡಿ. ನಂತರ ನಿಮ್ಮ ಡಾಕ್ಟರನ್ನು ಕೇಳಿ ಶುರು ಮಾಡಿ. ಬೈಪಾಸ್ ಆದವರಿಗೆ ಎದೆಯ ಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಮಡಿಲಲ್ಲಿಟ್ಟು ಕ್ರೋಶಾ ಹಾಕುವುದರಿಂದ ಎದೆಗೆ ಭಾರ ಬೀಳುವುದಿಲ್ಲ. ಆದರೆ ನೀವು ಹಾಕಿದ ಬಟ್ಟೆಯಿಂದ ಐದು ಲೀಟರ್ ಕುಕ್ಕರನ್ನು ನೀವೇ ತಿಕ್ಕುವುದು ಆಗ ಬೇಡ. ಅದನ್ನು ಮಗ ತಿಕ್ಕಲಿ!

*ಕೊನೆಯ ಮಾತು*

ಅಮ್ಮನಿಗೆ ಕಡ್ಡಿ, ದಾರ ತಂದುಕೊಡಿ. ಅವರು ಹಾಕಿದ ಬಟ್ಟೆಯಿಂದ ನೀವೂ ನಾಲ್ಕು ಪಾತ್ರೆ ತಿಕ್ಕಿ. ಕೈಕೆಲಸ ಬಿಡಿಸಬೇಡಿ. ನಾನು ನನ್ನ ಅತ್ತೆಯಿಂದ ಬಿಡಿಸಿದ್ದು ಅದೊಂದನ್ನೇ, ನೋವು ಅಲ್ಲೇ ಇತ್ತು.

ಇವತ್ತು ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕುಳಿತು ಕೇಳಿ. ಊರಲ್ಲೇ ಇದ್ದರೆ ಫೋನ್ ಮಾಡಿ ಕೇಳಿ. ಪಾತ್ರೆ ತೊಳೆಯಲು ಬರುವ ಮೌಶಿಯನ್ನೂ ಕೇಳಿ, ಅವರೂ ಯಾರದೋ ತಾಯಿ. 'ಎಲ್ಲಿ ನೋವು' ಎಂದಷ್ಟೇ ಅಲ್ಲ.

*"ನೋವು ಯಾವಾಗ ಬರುತ್ತೆ?"*

ಉತ್ತರ ಪೂರ್ತಿ ಕೇಳಿಸಿಕೊಳ್ಳಿ.

ಮುಂದಿನ ವಾರ: ಮನೆಯಲ್ಲಿ ಬಿಪಿ ನೋಡುವಾಗ ನಾವು ಮಾಡುವ ತಪ್ಪುಗಳು.

🙏 ಈ ಲೇಖನ ತಿಳಿವಳಿಕೆಗಾಗಿ. ನಿಮ್ಮ ಡಾಕ್ಟರ ತಪಾಸಣೆಗೆ ಇದು ಬದಲಿಯಲ್ಲ. ಉಪಯೋಗವೆನಿಸಿದರೆ ನಿಮ್ಮ ಕನ್ನಡ ಸಂಘದ, ಕುಟುಂಬದ ಗುಂಪಿಗೆ ಕಳುಹಿಸಿ.